ನಲವತ್ತರಿಂದ ಎಂಬತ್ತು

ಎಲಿಜಬೆತ್‌ನಲ್ಲಿ ಅಂದು ನಲವತ್ಮೂರು ಡಿಗ್ರಿ.
ತಗಡಿನ ಶೆಡ್ಡು ಟಿಕ್ ಟಿಕ್ ಎಂದು ಹಿಗ್ಗುತ್ತಿತ್ತು.
ಮರ್ವಿನ್ ಎಮ್‌ಡಿಎಫ್ ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದ.
ಕರೆಂಟ್ ಬಿಲ್ಲಿನ ಬೆನ್ನ ಮೇಲೆ ನನ್ನ ಲೆಕ್ಕ:
ಹಿಂದಿನ ಕೋಣೆ ಇಪ್ಪತ್ತೈದು ಲೀಟರ್, ಪೂರಾ ಮುಚ್ಚಿದ್ದು,
ಮುಂದಿನದು ನಲವತ್ತು, ಅದಕ್ಕೊಂದು ಬಾಯಿ.
ನಡುಗೋಡೆಯಲ್ಲಿ ಹನ್ನೆರಡು ಇಂಚಿನ ಸ್ಪೀಕರು,
ಹೊರಗಿನವರಿಗೆ ಎಂದೂ ಮುಖ ತೋರಿಸದ್ದು.

ಗಾಡಿ ತವೀಟನದು, ಹಳೆಯ ಕಮೊಡೋರ್,
ಒಂದು ಬಾಗಿಲು ಬೇರೆ ಬಣ್ಣ.
'ಎದೆಗೆ ಬಡೀಬೇಕು ಆಂಟಿ,' ಅಂದಿದ್ದ,
'ಕಿವಿಗಲ್ಲ.'

ಬ್ಯಾಂಡ್‌ಪಾಸ್ ಅಂದರೆ ಇಷ್ಟೇ:
ಒಳಗೆ ಎಂಥ ಗದ್ದಲವಿದ್ದರೂ
ಬಾಗಿಲಲ್ಲಿ ಕೂತವನು ಕೆಲವರನ್ನಷ್ಟೇ ಬಿಡುತ್ತಾನೆ.
ನಲವತ್ತಕ್ಕಿಂತ ಕೆಳಗಿನದು ಒಳಗೇ ಇರಲಿ,
ಎಂಬತ್ತು ದಾಟಿದ ಕೀಚಲೂ ಒಳಗೇ.
ಘಟಕ್ಕೆ ಹೊಟ್ಟೆ ಕೊಟ್ಟ ಕುಂಬಾರನಿಗೆ ಇದು ಗೊತ್ತಿತ್ತು,
ಹರ್ಟ್ಸ್ ಗೊತ್ತಿರಲಿಲ್ಲ, ಅಷ್ಟೇ.

ಮರ್ವಿನ್ನನ ಮಾತೂ ಅಷ್ಟೇ ಅಗಲ.
'ಹೂಂ.' 'ಪರವಾಗಿಲ್ಲ.' 'ಟೀ?'
ಕಾರಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬಾಗಿಲು ಜೋಡಿಸಿದವನು.
ಅದು ಮುಚ್ಚಿದ ದಿನ ಏನನ್ನಿಸಿತು ಎಂದರೆ
'ಶುಕ್ರವಾರ ಇತ್ತು' ಎಂದಿದ್ದ.

ಕೊಳವೆ ಹದಿನೈದು ಸೆಂಟಿಮೀಟರ್ ಅಗಲ,
ಉದ್ದ ಇಪ್ಪತ್ತೆಂಟೂವರೆ.
ಬಾಯಂಚಿನ ಗಾಳಿಯೂ ಕೊಳವೆಯ ಲೆಕ್ಕಕ್ಕೇ ಸೇರುತ್ತದೆ,
ಅದನ್ನು ಮರೆತು ಮೊದಲು ಮೂವತ್ತೊಂಬತ್ತು ಅಂದಿದ್ದೆ.
ಕೊಳವೆ ಹೋಗಿ ಎದುರುಗೋಡೆಗೆ ಮೂಗು ತಾಗಿಸಿತು.
ಅವನು ಏನೂ ಅನ್ನಲಿಲ್ಲ, ಗರಗಸ ತಗೊಂಡ.
ನನ್ನ ತಪ್ಪು ಉಂಗುರ ಉಂಗುರವಾಗಿ ನೆಲಕ್ಕೆ ಬಿತ್ತು.
ತವೀಟನ ತಂಗಿ ಒಂದನ್ನೆತ್ತಿ
ಕಿರೀಟ ಮಾಡಿಕೊಂಡು ಶೆಡ್ಡೆಲ್ಲ ಮೆರೆದಳು.

ಹಾಕಿ ನೋಡಿದೆವು.
ಡ್ಯಾಶ್‌ಬೋರ್ಡಿನ ಚಿಲ್ಲರೆ ತಾನೇ ನಡೆಯಿತು,
ನಂಬರ್ ಪ್ಲೇಟು ಹಲ್ಲು ಕಡಿಯಿತು,
ಬೇಲಿಯಾಚೆ ಮೇಯುತ್ತಿದ್ದ ಗಲಾ ಹಕ್ಕಿಗಳು
ಗುಲಾಬಿ ಬಟ್ಟೆ ಕೊಡವಿದಂತೆ ಎದ್ದವು.
ಮರ್ವಿನ್ ಗಾಡಿಯ ನೆತ್ತಿಗೆ ಅಂಗೈ ಒತ್ತಿ
ಜ್ವರ ನೋಡುವವನ ಹಾಗೆ ನಿಂತಿದ್ದು
'ಪರವಾಗಿಲ್ಲ' ಅಂದ.

ಮೂರು ವಾರ.
ತವೀಟ ಗಾಡಿ ತಂದು ನಿಲ್ಲಿಸಿದ, ಸದ್ದಿಲ್ಲದೆ.
ಕೊನೆಯ ಗಳಿಗೆಯವರೆಗೂ ಚೆನ್ನಾಗೇ ಇತ್ತಂತೆ,
ಆಮೇಲೆ ಇರಲಿಲ್ಲವಂತೆ.
ಮೊದಲು ಗೊತ್ತಾದದ್ದು ವಾಸನೆಯಿಂದ.

ಬಿಚ್ಚಿದೆವು. ಕಾಯಿಲ್ ಕರಕಲು,
ಕೋನು ಅಂಚಿನಿಂದ ಕಿತ್ತು ಬಂದಿತ್ತು.
ಬೇರೆ ಪೆಟ್ಟಿಗೆಯಾದರೆ ಒದರುತ್ತಿತ್ತು, ಕರಕರ ಎನ್ನುತ್ತಿತ್ತು,
ಹುಡುಗ ಬೈದುಕೊಂಡಾದರೂ ದನಿ ತಗ್ಗಿಸುತ್ತಿದ್ದ.
ಇದು ಹಾಗಲ್ಲ,
ನರಳುವುದನ್ನೂ ಸೋಸಿ, ನಯಮಾಡಿ
ಗುಂ ಗುಂ ಎಂದು ಕಳಿಸುತ್ತದೆ.
ಹಾಗೆ ಲೆಕ್ಕ ಹಾಕಿದವಳು ನಾನೇ.

ನಮ್ಮ ಗದಗಿನ ಕಡೆ ಹಗೇವು ತೆರೆದ ದಿನ
ಮೊದಲು ದೀಪ ಇಳಿಬಿಡುತ್ತಿದ್ದರು.
ದೀಪ ಆರಿತೋ, ಯಾರೂ ಇಳಿಯುತ್ತಿರಲಿಲ್ಲ.
ಮೇಲಿನಿಂದ ನೋಡಿದರೆ ಜೋಳ ಜೋಳವೇ,
ನೆಟ್ಟಗೇ ಇರುತ್ತಿತ್ತು.

ಮರ್ವಿನ್ ಸುಟ್ಟ ತಂತಿ ಹಿಡಿದು
ಬಹಳ ಹೊತ್ತು ನಿಂತೇ ಇದ್ದ.
'ಟೀ?' ಅಂದೆ, ಈ ಸಲ ನಾನು.
'ಆ ಶುಕ್ರವಾರ ಮನೆಗೆ ಹೋಗಲಿಲ್ಲ,' ಅಂದ.
'ಕಾರ್ಖಾನೆಯ ಪಾರ್ಕಿಂಗಿನಲ್ಲಿ ಕಾರೊಳಗೇ ಕೂತಿದ್ದೆ,
ಬೆಳಗಿನವರೆಗೆ. ಕಿಟಕಿ ಏರಿಸಿಕೊಂಡು.
ರೇಡಿಯೋನೂ ಹಾಕಿರಲಿಲ್ಲ.'

ಮೂಲೆಯ ಫ್ಯಾನು ಆ ಕಡೆ ತಿರುಗಿತು, ಈ ಕಡೆ ತಿರುಗಿತು.

'ಹೊಸದಕ್ಕೆ ಒಂದು ಮಗ್ಗುಲು
ಅಕ್ರಿಲಿಕ್ ಹಾಕೋಣ,' ಅಂದೆ,
'ಒಳಗೆ ಕಾಣುವ ಹಾಗೆ.'

'ದುಬಾರಿ,' ಅಂದ.
ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಅಳತೆ ಕೇಳಿದ.